ಹಾಳೆ ಮಗುಚುವ ಸದ್ದು

ಸಂಗೀತ ಕಚೇರಿಯಲ್ಲಿ ಪಕ್ಕದವರು ಕೆಮ್ಮಿದರೆ ನನಗೆ ಸಿಟ್ಟು ಬರುವುದಿಲ್ಲ. ಕೆಮ್ಮು ಯಾರ ಕೈಯಲ್ಲೂ ಇಲ್ಲ. ಆದರೆ ಕಾಗದ ಕೈಯಲ್ಲೇ ಇರುತ್ತದೆ. ರಾಮನವಮಿಯ ಪೆಂಡಾಲಿನಲ್ಲಿ ಆಲಾಪನೆ ಮೇಲಿನ ಷಡ್ಜವನ್ನು ಮುಟ್ಟುವ ಗಳಿಗೆಗೆ ಸರಿಯಾಗಿ ಹಿಂದಿನ ಸಾಲಿನಲ್ಲಿ ಯಾರಾದರೂ ಕಡಲೆಕಾಯಿ ಪೊಟ್ಟಣ ಬಿಚ್ಚಿದರೆ ಮೈಯೆಲ್ಲ ಉರಿಯುತ್ತದೆ. ನೆದರ್ಲೆಂಡ್ಸಿನ ನಾರ್ಡೆನ್ ಎಂಬ ಪುಟ್ಟ ಊರಿನ ದೊಡ್ಡ ಚರ್ಚಿನಲ್ಲಿ, ಈಸ್ಟರಿಗೆ ಮುಂಚಿನ ವಾರ, ಯೇಸುವಿನ ಕೊನೆಯ ದಿನಗಳ ಕಥೆ ಹೇಳುವ ಬಾಖ್‌ನ ‘ಸಂತ ಮತ್ತಾಯನ ಪ್ಯಾಶನ್’ ಕೇಳಲು ಕೂತಾಗ ಆ ಕಾಗದದ ಸದ್ದು ಸಾವಿರ ಕೈಗಳಿಂದ ಎದ್ದುಬಂತು. ಬಾಗಿಲಲ್ಲಿ ಎಲ್ಲರಿಗೂ ಒಂದು ಪುಸ್ತಿಕೆ ಕೊಟ್ಟಿದ್ದರು. ಎಡಪುಟದಲ್ಲಿ ಜರ್ಮನ್, ಬಲಪುಟದಲ್ಲಿ ಡಚ್. ಹಾಡು ಪುಟದ ಕೊನೆಗೆ ಬಂದ ಕೂಡಲೇ ಇಡೀ ಚರ್ಚು ಒಮ್ಮೆಲೇ ಹಾಳೆ ಮಗುಚುತ್ತದೆ. ಸರ್ರ್ ಎಂದು ಒಂದು ಸದ್ದು ಮುಂದಿನ ಸಾಲಿನಿಂದ ಹೊರಟು ಕಲ್ಲುಕಂಬಗಳನ್ನು ಬಳಸಿ ಹಿಂದಿನ ಬಾಗಿಲವರೆಗೆ ಹೋಗುತ್ತದೆ. ಕೋಳಿ ಕೂಗಿ, ಯೇಸುವನ್ನು ಅರಿಯೆನೆಂದ ಶಿಷ್ಯ ಪೇತ್ರ ಹೊರಗೆ ಹೋಗಿ ಅತ್ತನೆಂದು ಕಥೆ ಹೇಳುವವನು ಹೇಳಿ ಮುಗಿಸಿದ್ದಾನೆ, ಪಿಟೀಲು ಇನ್ನೇನು ಆ ಅಳುವನ್ನು ಎತ್ತಿಕೊಳ್ಳಬೇಕು, ಅಷ್ಟರಲ್ಲಿ ಸರ್ರ್!

ಬಹಳ ಹೊತ್ತು ಈ ಸದ್ದಿನ ಮೇಲೆ ಹಲ್ಲು ಕಚ್ಚಿಕೊಂಡೇ ಕೂತಿದ್ದೆ. ಮನಸ್ಸು ಬದಲಾದದ್ದು ನನ್ನ ಎಡಗಡೆ ಕೂತಿದ್ದ ಅಜ್ಜಿಯಿಂದ. ಅವರು ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದರು. ಪುಸ್ತಿಕೆ ತೊಡೆಯ ಮೇಲೆ ತೆರೆದುಕೊಂಡಿತ್ತು. ಪುಟ ಮುಗಿಯುವ ಹೊತ್ತಿಗೆ ಕಣ್ಣು ತೆರೆಯದೆ, ಬೆರಳಿನಿಂದ ಅಂಚು ತಡವಿ, ಎಲ್ಲರ ಜೊತೆ ಸರಿಯಾಗಿ ಹಾಳೆ ಮಗುಚುತ್ತಿದ್ದರು. ಓದುವ ಅಗತ್ಯವೇ ಅವರಿಗಿರಲಿಲ್ಲ. ತುಟಿ ಅಲುಗುತ್ತಿದ್ದ ರೀತಿ ನೋಡಿದರೆ ಪೂರ್ತಿ ಬಾಯಿಪಾಠ ಇದ್ದಂತಿತ್ತು. ಆದರೂ ಹಾಳೆ ಮಗುಚಬೇಕು. ಎಲ್ಲರೂ ಎಲ್ಲಿದ್ದಾರೋ ತಾನೂ ಅಲ್ಲೇ ಇದ್ದೇನೆ ಎಂದು ಹೇಳುವ ಬಗೆ ಅದು. ಆಮೇಲೆ ಆ ಸದ್ದಿಗಾಗಿ ನಾನೇ ಕಾಯತೊಡಗಿದೆ.

ನನ್ನ ಮಗಳು ಆ ದೇಶಕ್ಕೆ ಹೋಗಿ ನೆಲೆಸಿದ ಮೇಲೆ ಅಲ್ಲಿನ ಒಂದು ವಿಚಿತ್ರ ನನಗೆ ತಿಳಿಯಿತು. ಬಾಖ್ ಜರ್ಮನಿಯವನು, ಕೃತಿ ಜರ್ಮನ್ ಭಾಷೆಯದು, ಆದರೆ ಅದನ್ನು ಮನೆಯ ಹಬ್ಬದ ಹಾಗೆ ವರ್ಷಕ್ಕೊಮ್ಮೆ ಆಚರಿಸುವವರು ಡಚ್ಚರು. ಮಾರ್ಚ್ ಬಂತೆಂದರೆ ಊರೂರಿನ ಚರ್ಚುಗಳಲ್ಲಿ ಇದೇ ಪ್ಯಾಶನ್, ಅವರ ಬಾಯಲ್ಲಿ ‘ಮತ್ತೇಯುಸ್’. ದಿನವಿಡೀ ಕಚೇರಿ, ಅಂಗಡಿ, ಆಸ್ಪತ್ರೆಗಳಲ್ಲಿ ದುಡಿಯುವವರು ರಾತ್ರಿ ತಾಲೀಮಿಗೆ ಹೋಗುತ್ತಾರೆ. ಚರ್ಚಿಗೆ ಕಾಲಿಡದವರೂ, ದೇವರನ್ನು ನಂಬದವರೂ ಆ ಒಂದು ದಿನ ಬಂದು ಮೂರು ಗಂಟೆ ಗಟ್ಟಿ ಕುರ್ಚಿಯ ಮೇಲೆ ಕೂರುತ್ತಾರೆ. ಆಮ್ಸ್ಟರ್‌ಡ್ಯಾಮಿನ ಕಾನ್ಸರ್ಟ್‌ಖೆಬೌನಲ್ಲಿ ವಾದ್ಯವೃಂದ ನಿರ್ದೇಶಕ ವಿಲೆಮ್ ಮೆಂಗೆಲ್‌ಬರ್ಗ್ 1899ರಲ್ಲಿ ಈ ವಾಡಿಕೆಯನ್ನು ಆರಂಭಿಸಿದ. ದೊಡ್ಡ ಸಭಾಂಗಣ, ದೊಡ್ಡ ಗಾಯನವೃಂದ, ಉದ್ದುದ್ದ ಎಳೆದ ನಿಧಾನಗತಿ. ಇಂಥ ಕೃತಿ ಹಾಡಬೇಕಾದ್ದು ಚರ್ಚಿನಲ್ಲಿ, ಸಭಾಂಗಣದಲ್ಲಲ್ಲ ಎಂದುಕೊಂಡ ಕೆಲವರು 1921ರಲ್ಲಿ ನೆದರ್ಲೆಂಡ್ಸ್ ಬಾಖ್ ಸೊಸೈಟಿಯನ್ನು ಕಟ್ಟಿದರು. ಅವರು ಆರಿಸಿಕೊಂಡದ್ದು ನಾರ್ಡೆನ್ನಿನ ಚರ್ಚನ್ನು. ಅಂದಿನಿಂದ ಆ ಊರಿನ ಹೆಸರು ಹೇಳಿದರೆ ಡಚ್ಚರಿಗೆ ಮೊದಲು ನೆನಪಾಗುವುದು ಬಾಖ್.

“ಅಪ್ಪಾ, ಸ್ವೆಟರ್ ಮೇಲೆ ಕೋಟೂ ಹಾಕ್ಕೋ, ಒಳಗೂ ಚಳಿ ಇರತ್ತೆ” ಎಂದಿದ್ದಳು ಮಗಳು. ಇತ್ತು. ನಕ್ಷತ್ರದ ಆಕಾರದ ಕೋಟೆ, ಸುತ್ತ ನೀರಿನ ಕಂದಕ, ನಡುವೆ ಈ ಚರ್ಚು. ತಲೆಯೆತ್ತಿ ನೋಡಿದರೆ ಮರದ ಕಮಾನು ಛಾವಣಿಯ ಮೇಲೆ ಹದಿನಾರನೆಯ ಶತಮಾನದ ಚಿತ್ರಗಳು. ಯೇಸುವಿನ ಕೊನೆಯ ದಿನಗಳ ಪ್ರಸಂಗಗಳು ಒಂದು ಕಡೆ, ಹಳೆಯ ಒಡಂಬಡಿಕೆಯ ಕಥೆಗಳು ಅವಕ್ಕೆ ಎದುರಾಗಿ. ಕೆಳಗೆ ಹಾಡುತ್ತಿರುವುದನ್ನೇ ಮೇಲೆ ಬರೆದಿಟ್ಟಿದ್ದಾರೆ. 1572ರ ಡಿಸೆಂಬರ್ ಒಂದರಂದು ಸ್ಪೇನಿನ ಸೈನ್ಯ ಈ ಊರಿಗೆ ನುಗ್ಗಿ ಇಲ್ಲಿನ ಜನರನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಕೊಂದು ಊರಿಗೆ ಬೆಂಕಿಯಿಟ್ಟಿತು. ಚರ್ಚು ಉಳಿಯಿತು, ಚಿತ್ರಗಳೂ ಉಳಿದವು. ಬಿಡುವಿನಲ್ಲಿ ಮಗಳು ಇದನ್ನು ಹೇಳಿದ ಮೇಲೆ ನನಗೆ ಎರಡನೆಯ ಅರ್ಧವನ್ನು ಮೊದಲಿನ ಹಾಗೆ ಕೇಳಲು ಸಾಧ್ಯವಾಗಲಿಲ್ಲ. ಗುಂಪು ಸೇರಿ ಒಬ್ಬನನ್ನು ಕೊಲ್ಲಿ ಎಂದು ಕೂಗುವ ಹಾಡು ಕಥೆಯೊಳಗಿಂದ ಹೊರಬಂದು ಆ ಕಲ್ಲುಗಳ ನಡುವೆ ನಿಂತುಬಿಟ್ಟಿತು.

ಗಮಕ ಕೇಳಿ ಬೆಳೆದವರಿಗೆ ಈ ಕೃತಿಯ ಕಟ್ಟು ಹೊಸದೆನಿಸುವುದಿಲ್ಲ. ವಾಚನಕಾರರು ಕುಮಾರವ್ಯಾಸನ ಪದ್ಯ ಓದಿ ನಿಲ್ಲಿಸುತ್ತಾರೆ, ವ್ಯಾಖ್ಯಾನಕಾರರು ಅಲ್ಲಿಂದ ಹಿಡಿದು ಪದ್ಯದೊಳಗಿನ ಸಂಕಟವನ್ನು ನಮ್ಮ ಮುಂದೆ ಹರವುತ್ತಾರೆ, ಕಥೆ ನಿಂತಲ್ಲೇ ನಿಂತಿರುತ್ತದೆ. ಇಲ್ಲೂ ಹಾಗೇ. ಟೆನರ್ ದನಿಯ ಸುವಾರ್ತಿಕ ಮತ್ತಾಯನ ಇಪ್ಪತ್ತಾರು ಮತ್ತು ಇಪ್ಪತ್ತೇಳನೆಯ ಅಧ್ಯಾಯಗಳನ್ನು ಮಾತಿಗೂ ಹಾಡಿಗೂ ನಡುವಿನ ಧಾಟಿಯಲ್ಲಿ ಹೇಳಿಕೊಂಡು ಹೋಗುತ್ತಾನೆ. ತಡೆಯಲಾಗದ ಒಂದು ಕ್ಷಣ ಬಂದಾಗ ಕಥೆ ನಿಲ್ಲುತ್ತದೆ. ಒಬ್ಬರು ಎದ್ದು ಆ ಕ್ಷಣದಲ್ಲೇ ಆರೇಳು ನಿಮಿಷ ಇರುತ್ತಾರೆ. ಪೇತ್ರನ ಅಳುವಿಗೆ ಆಲ್ಟೊ ದನಿಯೂ ಒಂಟಿ ಪಿಟೀಲೂ ಜೊತೆಯಾಗುವುದು ಅಂಥ ಕಡೆ. ಅಲ್ಲಿ ಪಿಟೀಲು ಹಾಡಿಗಿಂತ ಮೊದಲೇ ಹೊರಟಿರುತ್ತದೆ. ಮನುಷ್ಯನ ದನಿ ಆಮೇಲೆ ಬಂದು ಸೇರಿಕೊಳ್ಳುತ್ತದೆ, ಅತ್ತು ಅತ್ತು ಮಾತು ಹೊರಡದಿದ್ದವರಿಗೆ ಕಡೆಗೂ ಮಾತು ಬಂದ ಹಾಗೆ. ಯೇಸು ಮಾತಾಡುವಾಗೆಲ್ಲ ತಂತಿವಾದ್ಯಗಳು ಅವನ ಸುತ್ತ ಮೆಲ್ಲಗೆ ಒಂದು ಬೆಳಕನ್ನು ಹಿಡಿದಿರುತ್ತವೆ. ಶಿಲುಬೆಯ ಮೇಲೆ ದೇವರೇ ಕೈಬಿಟ್ಟನೆಂದು ಅವನು ಕೂಗುವ ಒಂದು ಕಡೆ ಮಾತ್ರ ಆ ತಂತಿಗಳಿರುವುದಿಲ್ಲ. ಯಾರೂ ವಿವರಿಸದೆಯೇ ಚರ್ಚಿನಲ್ಲಿದ್ದ ಎಲ್ಲರಿಗೂ ಅದು ತಿಳಿಯಿತು. ನನ್ನ ಪಕ್ಕದ ಅಜ್ಜಿ ಕಣ್ಣು ತೆರೆದದ್ದು ಆಗಲೇ.

ಇದನ್ನು ಬರೆದವನಿಗೆ ಆ ಕಾಲದಲ್ಲಿ ಎಷ್ಟು ಸೌಕರ್ಯವಿತ್ತು ಎಂದು ನೋಡಿದರೆ ಹೊಟ್ಟೆ ಕಿವುಚುತ್ತದೆ. ಬಾಖ್ 1723ರಲ್ಲಿ ಲೈಪ್‌ಝಿಗ್ ಊರಿನ ಸಂತ ಥಾಮಸ್ ಶಾಲೆಗೆ ಸಂಗೀತದ ಮೇಷ್ಟ್ರಾಗಿ ಬಂದ. ಹುಡುಗರಿಗೆ ಪಾಠ, ಭಾನುವಾರಕ್ಕೊಂದು ಕೃತಿ, ಮದುವೆಗೆ ಹಾಡು, ಹೆಣದ ಮೆರವಣಿಗೆಗೆ ಹಾಡು. ಊರಿನಲ್ಲಿ ಗಾಳಿ ಶುದ್ಧವಾಗಿ ಸಾಯುವವರು ಕಡಿಮೆಯಾದರೆ ತನ್ನ ವರಮಾನವೂ ಕಡಿಮೆಯಾಗುತ್ತದೆ ಎಂದು 1730ರಲ್ಲಿ ಹಳೆಯ ಗೆಳೆಯನಿಗೆ ಕಾಗದ ಬರೆದಿದ್ದಾನೆ. ಅದೇ ವರ್ಷ ಊರಿನ ಆಡಳಿತಕ್ಕೆ ಒಂದು ಮನವಿ ಕೊಟ್ಟ. ಇರುವ ಹುಡುಗರಲ್ಲಿ ಹಾಡಬಲ್ಲವರು 17, ಇನ್ನೂ ಕಲಿಯಬೇಕಾದವರು 20, ಎಂದಿಗೂ ಹಾಡಲಾರದವರು 17 ಎಂದು ಅದರಲ್ಲಿ ಲೆಕ್ಕ ಒಪ್ಪಿಸಿದ. ಇಂಥ ಶಾಲೆಯಲ್ಲಿದ್ದುಕೊಂಡು, 1727ರ ಏಪ್ರಿಲ್ 11ರ ಶುಭ ಶುಕ್ರವಾರ, ಎರಡು ಗಾಯನವೃಂದ ಎರಡು ವಾದ್ಯವೃಂದ ಬೇಡುವ ಈ ಕೃತಿಯನ್ನು ಅವನು ಸಂತ ಥಾಮಸ್ ಚರ್ಚಿನಲ್ಲಿ ನಡೆಸಿದ. ಚರ್ಚಿನಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ಮೇಲಿನ ದನಿಗಳೆಲ್ಲ ಹುಡುಗರವೇ. ಎರಡು ಭಾಗಗಳ ನಡುವೆ ಪಾದ್ರಿಯ ಪ್ರವಚನ. ಕೇಳಿದವರು ಏನೆಂದುಕೊಂಡರೋ, ಯಾರೂ ಬರೆದಿಡಲಿಲ್ಲ.

ಆದರೆ ಬಾಖ್‌ಗೆ ತಾನು ಬರೆದದ್ದು ಏನೆಂದು ಗೊತ್ತಿತ್ತು. 1736ರ ಹೊತ್ತಿಗೆ ಕೃತಿಯನ್ನು ತಿದ್ದಿ ಒಂದು ಶುದ್ಧಪ್ರತಿ ಮಾಡಿದ. ಸುವಾರ್ತೆಯ ಮಾತುಗಳನ್ನು ಕೆಂಪು ಶಾಯಿಯಲ್ಲಿ ಬರೆದ. ಮುಂದೆ ಆ ಪ್ರತಿಯ ಹಾಳೆಗಳು ಅಂಚಿನಲ್ಲಿ ಕೆಟ್ಟಾಗ ತಾನೇ ಕಾಗದದ ಪಟ್ಟಿ ಕತ್ತರಿಸಿ ಅಂಟಿಸಿ, ಹಾಳಾದ ಸ್ವರಗಳನ್ನು ಮತ್ತೆ ಬರೆದ. ಆ ಪ್ರತಿ ಈಗ ಬರ್ಲಿನ್ನಿನ ಗ್ರಂಥಾಲಯದಲ್ಲಿದೆ. ಅದರ ಚಿತ್ರ ನೋಡಿದಾಗಲೆಲ್ಲ ನನಗೆ ಆ ಅಂಟಿಸಿದ ಪಟ್ಟಿಗಳ ಮೇಲೇ ಕಣ್ಣು ಹೋಗುತ್ತದೆ. ವಯಸ್ಸಾದ ಮನುಷ್ಯ, ಮನೆತುಂಬ ಮಕ್ಕಳು, ಬರೆದು ಮುಗಿಸಬೇಕಾದ ಕೆಲಸ ಬೆಟ್ಟದಷ್ಟು. ಹಾಗಿದ್ದೂ ಕೂತು ಹಳೆಯ ಹಾಳೆಗೆ ತೇಪೆ ಹಾಕುತ್ತಾನೆ. ಇದು ಮುಂದೆ ಯಾರಿಗೋ ಬೇಕಾಗುತ್ತದೆ ಎಂದು ನಂಬಿದವನು ಮಾತ್ರ ಆ ಕೆಲಸ ಮಾಡಿಯಾನು.

ಬೇಕಾಯಿತು. ಅವನು ಸತ್ತ ಮೇಲೆ ದಶಕಗಳ ಕಾಲ ಹೊರಗಿನ ಲೋಕ ಮರೆತಿದ್ದ ಆ ಸಂಗೀತವನ್ನು 1829ರ ಮಾರ್ಚ್ 11ರಂದು ಬರ್ಲಿನ್ನಿನ ಸಿಂಗ್‌ಅಕಾಡೆಮಿಯಲ್ಲಿ ಮತ್ತೆ ಎಬ್ಬಿಸಿ ನಿಲ್ಲಿಸಿದವನು ಇಪ್ಪತ್ತು ವರ್ಷದ ಫೀಲಿಕ್ಸ್ ಮೆಂಡೆಲ್ಸನ್. ಕೃತಿಯ ಪ್ರತಿಯನ್ನು ಅವನಿಗೆ ಉಡುಗೊರೆಯಾಗಿ ಕೊಟ್ಟವಳು ಅವನ ಅಜ್ಜಿ. ಎಂಥ ಅಜ್ಜಿ! ಆವತ್ತು ಸಭೆಯಲ್ಲಿ ತತ್ತ್ವಜ್ಞಾನಿ ಹೆಗೆಲ್ ಇದ್ದ, ಕವಿ ಹೈನೆ ಇದ್ದ. ಮೆಂಡೆಲ್ಸನ್ ವೇದಿಕೆ ಹತ್ತಿ ನೋಡಿದರೆ ಎದುರಿಗಿದ್ದದ್ದು ಅದೇ ಬೈಂಡಿನ ಬೇರೆ ಯಾವುದೋ ಪುಸ್ತಕ, ಆದರೂ ಅವನು ಇಡೀ ಕೃತಿಯನ್ನು ನೆನಪಿನಿಂದಲೇ ನಡೆಸಿದ, ಹಾಡುವವರು ಗಾಬರಿಯಾಗದಿರಲೆಂದು ಆ ಬೇರೆ ಪುಸ್ತಕದ ಹಾಳೆಗಳನ್ನೇ ಹೊತ್ತುಹೊತ್ತಿಗೆ ಮಗುಚುತ್ತಿದ್ದ ಎಂಬ ಕಥೆಯೊಂದಿದೆ. ಈ ಕಥೆ ಓದಿದಾಗ ನನಗೆ ನಾರ್ಡೆನ್ನಿನ ಅಜ್ಜಿಯ ಬೆರಳು ಕಣ್ಣಮುಂದೆ ಬಂತು.

ಮೆಂಡೆಲ್ಸನ್ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಅವನ ತಾತ ಯಹೂದಿ ತತ್ತ್ವಜ್ಞಾನಿ ಮೋಸೆಸ್ ಮೆಂಡೆಲ್ಸನ್. ಕ್ರೈಸ್ತರ ಈ ಮಹಾಕೃತಿಯನ್ನು ಜನಕ್ಕೆ ಮರಳಿಸಲು ಒಬ್ಬ ನಟ, ಒಬ್ಬ ಯಹೂದಿ ಹುಡುಗ ಬೇಕಾಯಿತಲ್ಲ ಎಂಬರ್ಥದ ಮಾತನ್ನು ಫೀಲಿಕ್ಸ್ ಆಡಿದ್ದನೆಂದು, ಆವತ್ತು ಯೇಸುವಿನ ಪಾತ್ರ ಹಾಡಿದ ನಟ ಎಡುವಾರ್ಡ್ ಡೆವ್ರಿಯೆಂಟ್ ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಮತ್ತಾಯನ ಸುವಾರ್ತೆಯಲ್ಲಿ ರೋಮನ್ ಅಧಿಪತಿ ಪಿಲಾತ ಕೈ ತೊಳೆದುಕೊಂಡಾಗ, ಯೇಸುವಿನ ರಕ್ತದ ಹೊಣೆ ನಮ್ಮ ಮೇಲೂ ನಮ್ಮ ಮಕ್ಕಳ ಮೇಲೂ ಇರಲಿ ಎಂದು ಜನ ಕೂಗುತ್ತಾರೆ. ಆ ಒಂದು ಸಾಲನ್ನು ಹಿಡಿದುಕೊಂಡು ಯುರೋಪಿನಲ್ಲಿ ಯಹೂದಿಗಳಿಗೆ ಏನೇನು ಮಾಡಿದರೆಂಬುದು ಎಲ್ಲರಿಗೂ ಗೊತ್ತಿದೆ. ಬಾಖ್ ಆ ಸಾಲನ್ನೂ ಬಿಡದೆ ಸ್ವರಕ್ಕೆ ಹಾಕಿದ್ದಾನೆ, ಎರಡೂ ಗಾಯನವೃಂದಗಳ ಬಾಯಲ್ಲಿ. ಕೇಳುವಾಗ ಮೈ ಬೆವರುತ್ತದೆ.

ಆದರೆ ಬಾಖ್ ಆ ಕೂಗನ್ನು ಯಾರ ತಲೆಗೂ ಕಟ್ಟಿ ಕೈ ತೊಳೆದುಕೊಳ್ಳಲು ಬಿಡುವುದಿಲ್ಲ. ನಾನು ಈ ಕೃತಿಯನ್ನು ಪ್ರೀತಿಸುವುದು ಇದಕ್ಕಾಗಿ. ಅವನು ಬೇರೆ ಬೇರೆ ಗುಂಪುಗಳಿಗೆ ಬೇರೆ ಬೇರೆ ಹಾಡುಗಾರರನ್ನು ನಿಲ್ಲಿಸಿಲ್ಲ. ಶಿಷ್ಯರೂ ಅವರೇ, ಪುರೋಹಿತರೂ ಅವರೇ, ಬೀದಿಯ ಜನರೂ ಅವರೇ, ಹೊಡೆದು ಗೇಲಿ ಮಾಡುವ ಸೈನಿಕರೂ ಅವರೇ, ಕಡೆಗೆ ಸಮಾಧಿಯ ಮುಂದೆ ಕೂತು ಅಳುವವರೂ ಅವರೇ. ಎರಡನೆಯ ಗಾಯನವೃಂದದಲ್ಲಿ ಕನ್ನಡಕ ಹಾಕಿದ್ದ ಒಬ್ಬ ತರುಣ ನನ್ನ ನೇರಕ್ಕೆ ನಿಂತಿದ್ದ. ಯಾರನ್ನು ಬಿಡಲಿ ಎಂದು ಪಿಲಾತ ಕೇಳಿದಾಗ ಸೆರೆಯಾಳು ಬರಬ್ಬನ ಹೆಸರನ್ನು ಎಲ್ಲರೂ ಒಂದೇ ಏಟಿಗೆ ಕೂಗುತ್ತಾರೆ. ಹಾಡೂ ಅಲ್ಲದ, ಒಂದೇ ಒಂದು ಕರ್ಕಶ ಸ್ವರಗುಚ್ಛ ಅದು. ಆಗ ಆ ತರುಣನ ಕತ್ತಿನ ನರ ಉಬ್ಬಿದ್ದನ್ನು ಕಂಡೆ. ಬೆನ್ನಿಗೇ ಶಿಲುಬೆಗೆ ಏರಿಸಿ ಎಂಬ ಕೂಗು. ಅದು ಮುಗಿದ ಮೇಲೆ ಅವನು ತನ್ನ ಕೈಯಲ್ಲಿದ್ದ ಹಾಳೆ ಮಗುಚಿದ, ಉಸಿರು ತೆಗೆದುಕೊಂಡ, ಒಡೆಯನೇ ಆಳಿನ ಸಾಲ ತೀರಿಸುವ ಈ ಶಿಕ್ಷೆ ಎಂಥ ಸೋಜಿಗದ್ದು ಎಂಬ ಭಾವದ ಭಕ್ತಿಗೀತೆಯನ್ನು ಅದೇ ಗಂಟಲಲ್ಲಿ ಮೆತ್ತಗೆ ಹಾಡಿದ. ನಡುವೆ ಇದ್ದದ್ದು ಒಂದು ಉಸಿರು. ಮತ್ತೆ ಸ್ವಲ್ಪ ಹೊತ್ತಿಗೆ ಶಿಲುಬೆಗೆ ಏರಿಸಿ ಎಂಬ ಅದೇ ಕೂಗು, ಈ ಸಲ ಒಂದು ಸ್ವರ ಮೇಲಿನಿಂದ. ಗುಂಪಿನ ಹಸಿವು ಏರುವುದು ಹೀಗೆಯೇ.

ಮೊದಲ ಭಾಗದಲ್ಲಿ ಇದಕ್ಕಿಂತಲೂ ಸಣ್ಣ, ಇದಕ್ಕಿಂತಲೂ ದೊಡ್ಡ ಒಂದು ಜಾಗವಿದೆ. ಊಟಕ್ಕೆ ಕೂತಾಗ ನಿಮ್ಮಲ್ಲೊಬ್ಬ ನನ್ನನ್ನು ಹಿಡಿದುಕೊಡುತ್ತಾನೆ ಎಂದು ಯೇಸು ಹೇಳುತ್ತಾನೆ. ಶಿಷ್ಯರು ಗಾಬರಿಬಿದ್ದು ಒಬ್ಬರ ಮೇಲೊಬ್ಬರು ಬಿದ್ದು, ನಾನೇ, ನಾನೇ ಎಂದು ಕೇಳುತ್ತಾರೆ. ಗಾಯನವೃಂದದಲ್ಲಿ ಅವರು ಒಡೆಯನನ್ನು ಕರೆಯುವುದು ಸರಿಯಾಗಿ ಹನ್ನೊಂದು ಸಲ. ಹನ್ನೆರಡನೆಯವನು, ಯೂದ, ಆಗ ಬಾಯಿ ಬಿಡುವುದಿಲ್ಲ. ಕೆಲವೇ ಸೆಕೆಂಡುಗಳ ಗದ್ದಲ. ಆ ಪ್ರಶ್ನೆ ಗಾಳಿಯಲ್ಲಿರುವಾಗಲೇ, ಸುವಾರ್ತೆಯಲ್ಲಿ ಇಲ್ಲದ ಒಂದು ಉತ್ತರ ಬರುತ್ತದೆ. ಹಾಡುವವರೆಲ್ಲ ಒಟ್ಟಾಗಿ, ಶಾಂತವಾಗಿ, ಊರಿನ ಎಲ್ಲರಿಗೂ ಬಾಯಿಗೆ ಬರುವ ಒಂದು ಹಳೆಯ ರಾಗದಲ್ಲಿ, ಅದು ನಾನೇ ಎಂದು ಒಪ್ಪಿಕೊಳ್ಳುತ್ತಾರೆ. ಯಾರೋ ಯೂದ ಅಲ್ಲ, ಯಾವುದೋ ಜನಾಂಗ ಅಲ್ಲ. ಕ್ರೈಸ್ತನಲ್ಲದ ನಾನು ಈ ಕಡೆ ಬಂದಾಗ ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಯಾರನ್ನೋ ಗುಂಪು ಸೇರಿ ಹಂಗಿಸುವಾಗ ಸುಮ್ಮನೆ ನಿಂತಿದ್ದ ಗಳಿಗೆಗಳು ಯಾರ ಬದುಕಿನಲ್ಲಿ ಇರುವುದಿಲ್ಲ? ಅವು ಒಂದೊಂದೇ ಎದ್ದುಬಂದವು. ಆ ಉತ್ತರ ಹಾಡಿದವರ ಜೊತೆ ನಾನೂ ಇದ್ದೆ.

ಈ ಭಕ್ತಿಗೀತೆಗಳ ರಾಗಗಳು ಬಾಖ್‌ನವಲ್ಲ, ಜನರವು. ಅವನು ಅವಕ್ಕೆ ಕೆಳಗಿನ ಮೂರು ದನಿಗಳನ್ನು ಕೂಡಿಸಿದ. ಅವುಗಳಲ್ಲಿ ಒಂದು ಕೃತಿಯುದ್ದಕ್ಕೂ ಐದು ಸಲ ಬರುತ್ತದೆ, ಮುಳ್ಳಿನ ಕಿರೀಟ ತೊಟ್ಟ ತಲೆಯನ್ನು ಕುರಿತ ಹಾಡಿನ ರಾಗ. ಅದನ್ನು ಹಾನ್ಸ್ ಲಿಯೊ ಹಾಸ್ಲರ್ 1601ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಅಚ್ಚು ಹಾಕಿಸಿದಾಗ ಅದು ಹುಡುಗಿಯೊಬ್ಬಳಿಗಾಗಿ ಮನಸ್ಸು ಕಲಕಿಹೋದವನ ಪ್ರೇಮಗೀತೆಯಾಗಿತ್ತು. ಆಮೇಲೆ ಪೌಲ್ ಗೆರ್ಹಾರ್ಟ್‌ನ ಭಕ್ತಿಗೀತೆ ಅದರ ಮೇಲೆ ಕೂತಿತು. ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಪಾಲ್ ಸೈಮನ್ ಅದೇ ರಾಗಕ್ಕೆ ತನ್ನ ದೇಶದ ದಣಿವನ್ನು ಹೊಂದಿಸಿ ಹಾಡಿದ. ನಾರ್ಡೆನ್ನಿನಲ್ಲಿ ಅದು ಮೊದಲ ಸಲ ಕೇಳಿಬಂದಾಗ ನಾನು ಬೆಚ್ಚಿದ್ದಕ್ಕೆ ಕಾರಣ ಇವರ್ಯಾರೂ ಅಲ್ಲ. ಅದನ್ನು ನಾನು ಬ್ಯಾಂಕಿನಲ್ಲಿ ಕೇಳಿದ್ದೆ!

ನನ್ನ ಜೊತೆ ಮಂಗಳೂರಿನ ಗೆಳೆಯನೊಬ್ಬ ಕೆಲಸ ಮಾಡುತ್ತಿದ್ದ. ಸಂಜೆ ಕ್ಯಾಷ್ ಟ್ಯಾಲಿ ಆಗದೆ ನಾವೆಲ್ಲ ತಲೆ ಚಚ್ಚಿಕೊಳ್ಳುವಾಗ ಅವನು ಲೆಡ್ಜರಿನ ಮೇಲೆ ಬಗ್ಗಿ ಒಂದು ರಾಗ ಗುನುಗುತ್ತಿದ್ದ. ಮಾತು ಕನ್ನಡ, ನಡೆ ಮಾತ್ರ ನಾವು ಬಲ್ಲ ಯಾವ ರಾಗದ್ದೂ ಅಲ್ಲ. ಅವನದು ಬಾಸೆಲ್ ಮಿಶನ್ನಿನ ಕುಟುಂಬ. 1834ರಿಂದ ಮಂಗಳೂರಿಗೆ ಬಂದ ಆ ಜರ್ಮನ್, ಸ್ವಿಸ್ ಪಾದ್ರಿಗಳು ಹೆಂಚು ತಂದರು, ಮಗ್ಗ ತಂದರು, ‘ಮಂಗಳೂರ ಸಮಾಚಾರ’ ತಂದರು, ಕಿಟ್ಟೆಲ್ಲರ ನಿಘಂಟನ್ನು ಕೊಟ್ಟರು. ಅವರ ಪೆಟ್ಟಿಗೆಯಲ್ಲಿ ಈ ಹಾಡುಗಳೂ ಬಂದವು. ಗೀತೆಗಳು ಕನ್ನಡವಾದವು, ರಾಗಗಳು ಹಾಗೇ ಉಳಿದವು. ಮಂಗಳೂರು, ಉಡುಪಿ, ಧಾರವಾಡ, ಹುಬ್ಬಳ್ಳಿಯ ಸಭೆಗಳಲ್ಲಿ ತಲೆಮಾರುಗಳಿಂದ ಜನ ಅವನ್ನು ನಾಲ್ಕು ದನಿಗಳಲ್ಲಿ ಹಾಡುತ್ತಿದ್ದಾರೆ. ಲೈಪ್‌ಝಿಗ್‌ನ ಜನಕ್ಕೆ ಆ ರಾಗಗಳು ಎಷ್ಟು ಮನೆಯವೋ ಮಂಗಳೂರಿನ ಬಲ್ಮಠದ ಜನಕ್ಕೂ ಅಷ್ಟೇ ಮನೆಯವು.

ಊರಿಗೆ ಮರಳಿದ ಮೇಲೆ ಅವನಿಗೆ ಫೋನು ಮಾಡಿದೆ. ರಾಗದ ಮೊದಲ ಎರಡು ಸಾಲು ನಾನು ಗುನುಗುವಷ್ಟರಲ್ಲಿ ಅವನು ಮೂರನೆಯದನ್ನು ಎತ್ತಿಕೊಂಡು, ಕನ್ನಡದಲ್ಲಿ, ಒಂದು ಚರಣವೂ ಬಿಡದೆ ಕೊನೆಯವರೆಗೆ ಹಾಡಿದ. ನಾನು ಹೇಳಿದ್ದರ ಎರಡರಷ್ಟು ನಿಧಾನಕ್ಕೆ.

“ಅಲ್ಲಿ ಇಷ್ಟು ನಿಧಾನ ಹಾಡಲಿಲ್ಲ ಕಣೋ” ಎಂದೆ. “ನಡೆದುಕೊಂಡು ಹೋಗೋ ವೇಗ ಇತ್ತು. ಬಾಖ್ ಕಾಲದಲ್ಲೂ ಹಾಗೇ ಇದ್ದಿರಬೇಕು ಅಂತ ಅವರು ಓದಿಕೊಂಡು ಹಾಡ್ತಾರೆ.”

“ಎಂತ ಮಾರಾಯ, ಓಡಿಸಿದ್ರಾ ಅದನ್ನ?” ಅವನಿಗೆ ನಿಜವಾಗಿಯೂ ನೋವಾಗಿತ್ತು. “ಅವರು ಕಲಿತವರು, ಹಾಡ್ತಾರೆ. ನಮ್ಮಲ್ಲಿ ಎಂಬತ್ತು ವರ್ಷದವರು ಹಾಡ್ತಾರೆ, ನಿನ್ನೆ ಅಕ್ಷರ ಕಲಿತ ಮಕ್ಕಳು ಹಾಡ್ತಾರೆ. ಎಲ್ಲರೂ ಒಟ್ಟಿಗೆ ಹೋಗಿ ಮುಟ್ಟಬೇಕಲ್ಲ? ಸಾಲಿನ ಕೊನೆಯಲ್ಲಿ ನಿಂತು ಕಾಯಬೇಕು.”

ನನಗೆ ಮೆಂಗೆಲ್‌ಬರ್ಗ್‌ನ ಉದ್ದ ಎಳೆತದ ಹಳೆಯ ಧ್ವನಿಮುದ್ರಣ ನೆನಪಾಯಿತು. ಅದನ್ನು ಹೇಳಿದೆ. ಅವನ ಪಕ್ಷಕ್ಕೆ ಒಬ್ಬ ಡಚ್ಚ ಸಿಕ್ಕಿದ್ದು ಅವನಿಗೆ ಸಂತೋಷವಾಯಿತು. ಅರ್ಧ ಗಂಟೆ ಇದನ್ನೇ ಎಳೆದಾಡಿದೆವು. ಕಡೆಗೆ, ಬರುವ ಗುಡ್ ಫ್ರೈಡೇಗೆ ಮಂಗಳೂರಿಗೆ ಬಾ ಎಂದ. ಕೇಳಲಿಕ್ಕೆ ಖಂಡಿತ ಬರ್ತೀನಿ ಎಂದೆ.

“ಕೂತು ಕೇಳುವುದೆಲ್ಲ ಇಲ್ಲ ಇಲ್ಲಿ. ಎದ್ದು ನಿಂತು ಹಾಡಬೇಕು. ನನ್ನ ಪಕ್ಕ ಬೇಸ್‌ನಲ್ಲಿ ನಿಲ್ಲು. ಒಂದು ವಾರ ಮೊದಲೇ ಬಾ, ಪ್ರಾಕ್ಟೀಸ್ ಉಂಟು.”